ವಿಶ್ರಾಂತಿ ಹಂತ

ನಂಜನಗೂಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿದ್ದರೂ ಮಹಾದೇವಸ್ವಾಮಿಗೆ ಹೊರಗೆ ನೋಡುವ ಮನಸ್ಸಾಗಲಿಲ್ಲ. ತೊಡೆಯ ಮೇಲಿದ್ದ ಬ್ಯಾಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಯಾರೋ ಅದನ್ನು ಕಿತ್ತುಕೊಳ್ಳುತ್ತಾರೇನೋ ಎಂಬಂತೆ ಕೂತಿದ್ದ. ತಿ. ನರಸೀಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಮೇ ತಿಂಗಳಿಗೆ ನಿವೃತ್ತಿ. ನಂಜನಗೂಡಿನ ಕಾಲೇಜೊಂದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಬೇಕೆಂದು ಆದೇಶ ಬಂದಾಗ ಮೊಣಕಾಲು ನೋವೆಂದು ಫೋನ್ ಮಾಡಿ ತಪ್ಪಿಸಿಕೊಳ್ಳಲು ನೋಡಿದ್ದ. ಮೂವತ್ತು ವರ್ಷದಿಂದ ಹೀಗೇ ಏನಾದರೊಂದು ನೆಪ ಹೇಳಿ ಕೊಳ್ಳೇಗಾಲಕ್ಕೋ ಹುಣಸೂರಿಗೋ ಹಾಕಿಸಿಕೊಂಡವನು. ಈ ಸಲ ಕಚೇರಿಯವರು ನಕ್ಕು, ಕೊನೇ ವರ್ಷ, ಹತ್ತಿರದ್ದೇ ಹಾಕಿದ್ದೀವಿ, ಹೋಗಿ ಬನ್ನಿ ಎಂದುಬಿಟ್ಟರು. ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಕೈಗೆ ಕೊಡುತ್ತ ಹೆಂಡತಿ ವಾಣಿ, ನೀವು ಮೊದಲು ಕೆಲಸಕ್ಕೆ ಸೇರಿದ ಕಾಲೇಜಲ್ಲವಾ, ಖುಷಿಯಾಗಿರಬೇಕು ಎಂದಿದ್ದಳು. ಹೌದು ಎಂದ. ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಖುಷಿಯಾಗಿದ್ದ ಕಾಲವೇ ಅದು. ಇಪ್ಪತ್ತಾರು ವರ್ಷ, ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಗಿರಣಿ ಶುರುವಾದರೆ ನೆಲ ನಡುಗುತ್ತಿತ್ತು, ಮೇಜಿನ ಮೇಲಿನ ಲೋಟ ತಾನಾಗಿಯೇ ಅಂಚಿಗೆ ಸರಿಯುತ್ತಿತ್ತು, ಒಣಹಾಕಿದ ಪಂಚೆಗೂ ರಾಗಿಹಿಟ್ಟಿನ ವಾಸನೆ. ಸಂಜೆ ಕಪಿಲೆಯ ಸೋಪಾನದ ಮೇಲೆ ಕೂತು, ರಸಬಾಳೆಯ ಸಿಪ್ಪೆ ಸುಲಿಯುತ್ತ, ಈ ನೀರು ನಾಳೆ ನಮ್ಮ ನರಸೀಪುರಕ್ಕೆ ಹೋಗುತ್ತದಲ್ಲ ಎಂದುಕೊಳ್ಳುತ್ತಿದ್ದ. ರೈಲು ಸೇತುವೆಯ ಮೇಲೆ ಸದ್ದು ಮಾಡಿಕೊಂಡು ಹೋಗುವಾಗ ನೀರಲ್ಲಿ ನಿಂತ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದರು. ಬದುಕು ಇನ್ನೂ ಶುರುವಾಗಿಲ್ಲ, ಇದೆಲ್ಲ ಬರೀ ಸಿದ್ಧತೆ, ಪರ್ಮನೆಂಟಾದ ಮೇಲೆ, ಮದುವೆಯಾದ ಮೇಲೆ ನಿಜವಾದದ್ದು ಬರುತ್ತದೆ ಎಂದು ಆಗ ಅನ್ನಿಸುತ್ತಿತ್ತು. ಪರ್ಮನೆಂಟಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಆದರೆ ಕಣ್ಣು ಮುಚ್ಚಿದರೆ ಇವತ್ತಿಗೂ ಮೊದಲು ಕಾಣುವುದು ಆ ನಡುಗುವ ನೆಲ. ಅದರ ಹಿಂದೆಯೇ, ಬೇಡವೆಂದರೂ, ಪ್ರಯೋಗಶಾಲೆಯ ಮೂರನೇ ಮೇಜು.

ಆ ಮೇಜಿನಲ್ಲಿ ಬಿಳಿಗೆರೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಪುಟ್ಟಗೌರಮ್ಮ, ಗೆಳತಿಯರ ಬಾಯಲ್ಲಿ ಗೌರಿ. ಬಸ್ಸು ತಡವಾಗಿ ದಿನಾ ಹತ್ತು ನಿಮಿಷ ಕಳೆದೇ ಬರುತ್ತಿದ್ದಳು. ಬಂದವಳು ಬಾಗಿಲಲ್ಲಿ ನಿಂತು ಅಪ್ಪಣೆ ಕೇಳದೆ, ಅವನು ನೋಡುವವರೆಗೂ ಸುಮ್ಮನೆ ಕಾಯುತ್ತಿದ್ದಳು. ಜೀವಕೋಶ ಒಡೆದು ಎರಡಾಗುವುದರ ಪಾಠ. ಒಡೆಯುವ ಮೊದಲಿನದನ್ನು ಅವನು ಒಂದೇ ಸಾಲಿನಲ್ಲಿ ಮುಗಿಸಿದ್ದ: ಇದು ರೆಸ್ಟಿಂಗ್ ಸ್ಟೇಜ್, ವಿಶ್ರಾಂತಿ ಹಂತ, ಕೋಶ ಈಗ ಏನೂ ಮಾಡುವುದಿಲ್ಲ, ಬರೆದುಕೊಳ್ಳಿ. ಅವನ ಮೇಷ್ಟ್ರು ಅವನಿಗೆ ಬರೆಸಿದ್ದೂ ಅಷ್ಟೇ. ಗೌರಿ ಎದ್ದು ನಿಂತಳು. ಒಡೆದಾಗ ಎರಡು ಕಡೆಗೂ ಸಮಸಮ ಕ್ರೋಮೋಸೋಮ್ ಎಳೆಗಳು ಹೋಗುತ್ತವೆ ಅಂತೀರಿ, ಮೊದಲಿದ್ದಷ್ಟೇ ಎರಡಕ್ಕೂ ಸಿಗುತ್ತವೆ ಅಂತೀರಿ, ಹಾಗಾದರೆ ಇನ್ನೊಂದು ಪಾಲನ್ನು ಅದು ಯಾವಾಗ ಮಾಡಿಕೊಂಡಿತು, ಸುಮ್ಮನೆ ಕೂತಿದ್ದಾಗಲೇ ಅಲ್ಲವಾ ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಾಯಿತು ಎಂದು ಅವನಿಗೆ ಅನ್ನಿಸಿತು. ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದ.

ಮುಂದಿನ ವಾರ ಈರುಳ್ಳಿ ಬೇರಿನ ತುದಿಯ ಪ್ರಯೋಗ. ನೀರಿನ ಬಾಟಲಿಯ ಬಾಯಿಗೆ ಈರುಳ್ಳಿ ಕೂರಿಸಿ ಬರಿಸಿದ ಬಿಳಿ ಬೇರು. ಅದರ ತುದಿಯನ್ನು ಕೆಂಪು ಬಣ್ಣದಲ್ಲಿ ಬಿಸಿಮಾಡಿ, ಗಾಜಿನ ಮೇಲಿಟ್ಟು, ಹೆಬ್ಬೆರಳಿನಿಂದ ಅಮುಕಿ, ಒಡೆಯುತ್ತಿರುವ ಕೋಶವನ್ನು ಹುಡುಕಿ ಚಿತ್ರ ಬರೆಯಬೇಕು. ಎಲ್ಲರೂ ಪುಸ್ತಕದ ಚಿತ್ರವನ್ನೇ ಇಳಿಸಿದರು. ಗೌರಿ ಒಂದು ಹಾಳೆ ತುಂಬ ಒಡೆಯದ ಕೋಶಗಳನ್ನೇ ಬರೆದಿದ್ದಳು. ಸಾಲಾಗಿ, ಸಣ್ಣದರಿಂದ ದೊಡ್ಡದಕ್ಕೆ. ನಡುವಿನ ಬೀಜ, ನ್ಯೂಕ್ಲಿಯಸ್, ಮೊದಲನೆಯದರಲ್ಲಿ ತಿಳಿಯಾಗಿ, ಬರುಬರುತ್ತ ದಪ್ಪಗಾಗಿ, ಕಪ್ಪಾಗಿ. ಕೆಳಗೆ ಪೆನ್ಸಿಲ್ಲಿನಲ್ಲಿ, ಇಂಗ್ಲಿಷ್ ರೆಕಾರ್ಡಿನಲ್ಲಿ ಕನ್ನಡ: ಇವು ಸುಮ್ಮನಿಲ್ಲ, ತಯಾರಾಗುತ್ತಿವೆ. ಅವನು ಅದನ್ನು ಎತ್ತಿ ಕ್ಲಾಸಿಗೆಲ್ಲ ತೋರಿಸಿದ. ಗೌರಿಯವರ ಕೋಶಗಳೂ ಗೌರಿಯವರ ಥರವೇ, ಬರೀ ರೆಡಿ ಆಗ್ತಾ ಇರ್ತವೆ, ಹೊರಡೋದೇ ಇಲ್ಲ ಎಂದ. ನಗು ಎದ್ದಿತು. ಆ ನಗು ಅವನಿಗೆ ಹಿತವಾಯಿತು. ಆ ಹಿತದ ಭರದಲ್ಲೇ ಹಾಳೆಯನ್ನು ಹರಿದ. ಹರಿದದ್ದನ್ನು ನಾಲ್ಕು ಮಡಿಸಿ ಕಸದ ಬುಟ್ಟಿಗೆ ಹಾಕುವವರೆಗೂ ಅವಳು ಅವನ ಕೈಯನ್ನೇ ನೋಡುತ್ತಿದ್ದಳು, ಮುಖವನ್ನಲ್ಲ. ಸೋಮವಾರದಿಂದ ಮೂರನೇ ಮೇಜು ಖಾಲಿಯಾಯಿತು.

ಬಸ್ಸು ಇಳಿದು ಕಾಲೇಜಿನವರೆಗೆ ನಡೆದ. ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಪ್ರಯೋಗಶಾಲೆಗೆ ಹೊಸ ಟೈಲ್ಸ್ ಹಾಕಿದ್ದರೂ ಸ್ಪಿರಿಟ್ಟಿನ ಜೊತೆ ಹಳೇ ಮರದ ಆ ವಾಸನೆ ಹಾಗೇ ಇತ್ತು, ಮೂಗಿಗೆ ತಾಗಿದ್ದೇ ತಡ ಕಣ್ಣಂಚು ಒದ್ದೆಯಾಯಿತು. ಅಲ್ಲಿನ ಉಪನ್ಯಾಸಕ ಅಮೃತೇಶ್, ಮೂವತ್ತರ ಆಸುಪಾಸಿನವನು, ಓಡಿ ಬಂದು ಬ್ಯಾಗು ತೆಗೆದುಕೊಂಡ. ಎಲ್ಲ ರೆಡಿ ಇದೆ ಸಾರ್, ಬೇರುಗಳನ್ನು ಮೊನ್ನೆಯೇ ಕತ್ತರಿಸಿಟ್ಟಿದ್ದೀವಿ ಎಂದು, ಒಳಗೆ ತಿರುಗಿ, ಪುಟ್ಟಗೌರಮ್ಮ, ಸಾರ್‌ಗೆ ನೀರು ತನ್ನಿ ಎಂದ.

ಆ ಹೆಸರಿನವರು ಈ ಕಡೆ ಊರಿಗೊಬ್ಬರು ಇದ್ದಾರು. ಆದರೂ ಮಹಾದೇವಸ್ವಾಮಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಬಂದವಳಿಗೆ ಐವತ್ತಿರಬಹುದು, ಅಟೆಂಡರಿನ ನೀಲಿ ಸೀರೆ, ಕಿವಿಯ ಪಕ್ಕ ಬಿಳಿ ಕೂದಲು. ನೀರಿನ ಲೋಟ ಇಟ್ಟು, ಅವನು ಎತ್ತಿಕೊಳ್ಳುವವರೆಗೂ ಕಾಯುತ್ತ ನಿಂತಳು. ಹಾಗೆ ನಿಲ್ಲುವುದರಲ್ಲೇ ಗುರುತು ಸಿಕ್ಕಿತು. ಅವಳಿಗೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಅವಳು ಅವನನ್ನು ನೋಡಿದ್ದು ಗೋಡೆಯ ಗಡಿಯಾರ ನೋಡುವಷ್ಟೇ. ತಾನು ಇಷ್ಟು ವರ್ಷ ಮನಸ್ಸಿನಲ್ಲಿ ಬೆಳೆಸಿಕೊಂಡು ಬಂದಿದ್ದ ಗೌರಿ, ಓದು ಬಿಟ್ಟು ಎಲ್ಲೋ ಮೂಲೆಯಲ್ಲಿ ಕೊರಗುವವಳು. ಇವಳು ಟ್ರೇ ಎತ್ತಿಕೊಂಡು ಸರಸರ ನಡೆದುಹೋದಳು. ಅವನಿಗೆ ನಾಚಿಕೆಯಾಯಿತು, ಯಾಕೆಂದು ಹೊಳೆಯಲಿಲ್ಲ.

ಪರೀಕ್ಷೆ ಶುರುವಾಗಿ ಮುಕ್ಕಾಲು ಗಂಟೆ ಕಳೆದಿರಬಹುದು, ಮೊದಲು ಒಬ್ಬಳು, ಆಮೇಲೆ ಇಬ್ಬರು ಕೈಯೆತ್ತಿದರು. ಮಾನಸ ಎಂಬ ಹುಡುಗಿಯಂತೂ ಅಳುವುದೊಂದು ಬಾಕಿ. ಒಡೆಯುತ್ತಿರುವ ಕೋಶ ಒಂದೂ ಸಿಗುತ್ತಿಲ್ಲ, ಮೂರು ಸಲ ಮಾಡಿದೆ ಎಂದಳು. ಮಹಾದೇವಸ್ವಾಮಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೆಂಪು ಇಟ್ಟಿಗೆಗಳ ಹಾಗೆ ಒತ್ತೊತ್ತಾಗಿ ಕೂತ ಕೋಶಗಳು, ನಡುವೆ ದುಂಡಗಿನ ಬೀಜ, ಕೆಲವು ತಿಳಿ, ಕೆಲವು ದಪ್ಪ. ಎಳೆ ಬಿಡಿಸಿಕೊಂಡದ್ದು, ನಡುಸಾಲಿಗೆ ಬಂದದ್ದು, ಎರಡು ಕಡೆಗೆ ಸರಿದದ್ದು ಯಾವುದೂ ಇಲ್ಲ. ಗಾಜನ್ನು ಅತ್ತಿತ್ತ ಸರಿಸಿದ. ಗೌರಿ ಬರೆದಿದ್ದ ಅದೇ ಹಾಳೆ. ಒಂದು ಕ್ಷಣ ಅವನಿಗೆ ತಾನು ಯಾವ ವರ್ಷದಲ್ಲಿ ಬಗ್ಗಿ ನಿಂತಿದ್ದೇನೆ ಎಂಬುದೇ ತಪ್ಪಿಹೋಯಿತು.

ಅಮೃತೇಶ್ ಮೇಜಿನಿಂದ ಮೇಜಿಗೆ ಓಡಾಡಿ ನೋಡಿದ, ಎಲ್ಲ ಕಡೆ ಅದೇ ಕಥೆ. ಅವನ ಮುಖ ಕೆಂಪಾಯಿತು. ಹೊರಗಿನ ಪರೀಕ್ಷಕರೆದುರು ಮರ್ಯಾದೆ ಹೋಯಿತೆನ್ನಿಸಿರಬೇಕು, ತೊಟ್ಟಿಯ ಬಳಿ ನಿಂತಿದ್ದ ಗೌರಮ್ಮನಿಗೆ ಮಕ್ಕಳಿಗೆಲ್ಲ ಕೇಳುವ ಹಾಗೆ, ಇಷ್ಟು ವರ್ಷದಿಂದ ಇದ್ದೀರಿ, ಒಂದು ಈರುಳ್ಳಿ ಬೇರು ಕುಯ್ಯೋದನ್ನೂ ಕಲೀಲಿಲ್ವಾ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಅಮೃತೇಶನ ಕೈಯಲ್ಲಿದ್ದ ಪೆನ್ನನ್ನು ನೋಡುತ್ತ ನಿಂತಳು. ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದು ಮಹಾದೇವಸ್ವಾಮಿಗೆ ಅನ್ನಿಸಿತು. ಹೇಳದೆ, ಕನ್ನಡಕ ತೆಗೆದು ಒರೆಸಿಕೊಂಡ. ಒರೆಸುವುದಕ್ಕೆ ಅದರಲ್ಲೇನೂ ಇರಲಿಲ್ಲ. ಅಷ್ಟು ಹೊತ್ತಿಗೆ ಅಮೃತೇಶ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಒಂದು ದಾರಿ ಹೇಳಿದ. ಬೀರುವಿನಲ್ಲಿ ಹಳೆಯ ರೆಡಿಮೇಡ್ ಸ್ಲೈಡುಗಳಿವೆ, ಒಡೆಯುತ್ತಿರುವುದು ಚೆನ್ನಾಗಿ ಕಾಣುತ್ತದೆ, ಒಂದನ್ನು ಇಟ್ಟರೆ ಎಲ್ಲರೂ ನೋಡಿ ತಮ್ಮದೇ ಎಂದು ಬರೆದುಕೊಳ್ಳುತ್ತಾರೆ, ಮಾರ್ಕ್ಸ್ ಹೋಗುವುದಿಲ್ಲ, ಯಾರಿಗೂ ತೊಂದರೆಯಿಲ್ಲ.

ಯಾರಿಗೂ ತೊಂದರೆಯಿಲ್ಲ ಎಂಬುದು ನಿಜ. ಕೊನೇ ವರ್ಷ, ಕೊನೇ ಪರೀಕ್ಷೆ. ಸಹಿ ಹಾಕಿ ಐದು ಗಂಟೆಯ ಬಸ್ಸು ಹಿಡಿಯಬಹುದು. ಮಹಾದೇವಸ್ವಾಮಿಯ ಬಾಯಲ್ಲಿ ಆಯಿತು ಎಂಬ ಮಾತು ಬಂದೇಬಿಟ್ಟಿತ್ತು. ಅದರ ಬದಲು, ತನಗೇ ಅನಿರೀಕ್ಷಿತವಾಗಿ, ಕೋಣೆಯ ಆ ತುದಿಗೆ ಕೇಳುವಂತೆ, "ಬೇರು ಎಷ್ಟು ಹೊತ್ತಿಗೆ ಕುಯ್ದಿದ್ದು ಗೌರಮ್ಮ?" ಎಂದು ಕೇಳಿದ.

ಅವಳು ಮೊದಲ ಸಲ ಅವನ ಮುಖ ನೋಡಿದಳು. "ಮೊನ್ನೆ ಮದ್ಯಾನ ಮೂರ್ ಗಂಟೆಗೆ ಸಾ. ನೆನ್ನೆ ಬೆಳಿಗ್ಗೆ ಎಂಟ್ ಗಂಟೆಗೆ ಕುಯ್ಬೇಕಿತ್ತು. ಆಗ್ಲೇ ಜಾಸ್ತಿ ಒಡೆಯೋದು. ಆಸಿಡ್ಡಿಗೆ ಬಿದ್ಮೇಲೆ ಅಂಗಂಗೇ ನಿಂತೋಯ್ತವೆ. ಯೋಳ್ದೆ. ಬ್ಯಾಡ, ಇವಾಗ್ಲೇ ಕುಯ್ದು ಆಸಿಡ್ಡಿಗೆ ಆಕ್ಬುಡಿ ಅಂದ್ರು. ಆಕ್ದೆ."

ಅಮೃತೇಶ್ ಕಿಟಕಿಯ ಕಡೆ ತಿರುಗಿದ. ನಿನ್ನೆ ಬೆಳಿಗ್ಗೆ ಸ್ಪೆಷಲ್ ಕ್ಲಾಸ್ ಇತ್ತು ಸಾರ್ ಎಂದು ಗೊಣಗಿದ. ಪಾಪ ಎನ್ನಿಸಿತು ಮಹಾದೇವಸ್ವಾಮಿಗೆ. ಈ ಹುಡುಗನ ಕುತ್ತಿಗೆಯ ಮೇಲೆ ಇಳಿಯುತ್ತಿದ್ದ ಬೆವರಿನ ಗುರುತು ಅವನಿಗೆ ಚೆನ್ನಾಗಿಯೇ ಇತ್ತು. ರೆಡಿಮೇಡ್ ಸ್ಲೈಡ್ ಬೇಡ ಎಂದ. ಮಕ್ಕಳಿಗೆ, ಕಂಡದ್ದನ್ನೇ ಬರೆಯಿರಿ, ಕಾಣದ್ದನ್ನು ಬರೆಯಬೇಡಿ, ಮಾರ್ಕ್ಸ್ ಕಂಡದ್ದಕ್ಕೆ ಎಂದ. ಬೇರು ಕತ್ತರಿಸಿದ ಹೊತ್ತು, ಸ್ಲೈಡುಗಳಲ್ಲಿ ಕಂಡದ್ದು, ಅಂಕ ಕೊಡುತ್ತಿರುವ ಕಾರಣ ಎಲ್ಲವನ್ನೂ ವರದಿಯಲ್ಲಿ ಬರೆದು ತನ್ನೊಬ್ಬನ ಸಹಿ ಹಾಕಿದ. ನಾಳೆ ಯಾರಾದರೂ ಕೇಳಿದರೆ ತಾನೇ ಉತ್ತರ ಕೊಡುತ್ತೇನೆ ಎಂದ ಮೇಲೆ ಅಮೃತೇಶ್ ವಾದ ಮಾಡಲಿಲ್ಲ. ನಾಡಿದ್ದು ಪರೀಕ್ಷೆ ಇರುವ ಇನ್ನೊಂದು ಬ್ಯಾಚಿಗೆ ಬೇರನ್ನು ನಾಳೆ ಬೆಳಿಗ್ಗೆ ಗೌರಮ್ಮನೇ ಹೊತ್ತು ನೋಡಿ ಕುಯ್ಯಲಿ ಎಂದು ತಾನಾಗಿಯೇ ಹೇಳಿದ.

ಮೌಖಿಕದಲ್ಲಿ ಮಾನಸಳನ್ನು, ಇವು ಏನು ಮಾಡುತ್ತಿವೆ ಎಂದು ಕೇಳಿದ. ಅವಳು ಪುಸ್ತಕದ ಮಾತು ಹೇಳಿದಳು, ಆಮೇಲೆ ಹೆದರಿಕೆ ಬಿಟ್ಟು ತನ್ನ ಮಾತಿನಲ್ಲಿ ಹೇಳಿದಳು. ಮೊದಲು ಬೆಳೆಯುತ್ತದೆ ಸಾರ್, ಸಾಮಾನು ಕೂಡಿಸಿಕೊಳ್ಳುತ್ತದೆ. ಆಮೇಲೆ ಒಳಗಿನ ಎಳೆಗಳಿಗೆಲ್ಲ ಒಂದೊಂದು ಜೊತೆ ಮಾಡಿಕೊಳ್ಳುತ್ತದೆ. ಮಾಡಿದ್ದರಲ್ಲಿ ತಪ್ಪಿದೆಯಾ ಅಂತ ನೋಡುತ್ತದೆ, ತಪ್ಪಿದ್ದರೆ ನಿಂತು ಸರಿಮಾಡುತ್ತದೆ, ಸರಿಯಾಗದೆ ಮುಂದಕ್ಕೆ ಹೋಗುವುದಿಲ್ಲ. ದಿನದ ಹೆಚ್ಚು ಹೊತ್ತು ಇದೇ ಕೆಲಸ, ಒಡೆಯುವುದು ಗಂಟೆ ಎರಡು ಗಂಟೆಯದು ಅಷ್ಟೆ. ಮಹಾದೇವಸ್ವಾಮಿ ತಲೆಯಾಡಿಸಿದ. ನಿಂತು ಸರಿಮಾಡುತ್ತದೆ ಎನ್ನುವಾಗ ಹುಡುಗಿಯ ಕೈ ಗಾಳಿಯಲ್ಲಿ ನಿಂತದ್ದನ್ನು ನೋಡಿದ. ತಾನು ಎಲ್ಲಿ ನಿಂತು ಸರಿಮಾಡಿದೆ? ಹಾಳೆ ಹರಿದ ವಾರವೇ ಮೈಸೂರಿನ ಲೈಬ್ರರಿಗೆ ಹೋಗಿ, ದಪ್ಪ ಪುಸ್ತಕ ತೆಗೆದು, ಗೌರಿ ಹೇಳಿದ್ದೇ ಸರಿ ಎಂದು ನಿಂತಲ್ಲೇ ಓದಿದ್ದ. ಅಂದಿನಿಂದ ಯಾವ ಕ್ಲಾಸಿನಲ್ಲೂ ವಿಶ್ರಾಂತಿ ಎಂಬ ಮಾತು ಬರೆಸಲಿಲ್ಲ. ಇಷ್ಟು ಮಾಡಿದ್ದೇನಲ್ಲ ಎಂದು ಒಳಗೊಳಗೇ ಹೆಮ್ಮೆಪಡುತ್ತಲೂ ಇದ್ದ. ಒಮ್ಮೆ ಹಾಳೆ ಹರಿದ ಸಂಗತಿಯನ್ನು ವಾಣಿಗೆ ಹೇಳುವಾಗ, ನಮ್ಮ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿದ್ದ ಎಂದು ಶುರುಮಾಡಿದ್ದ. ಅವಳು ಆ ಮೇಷ್ಟ್ರನ್ನು ಚೆನ್ನಾಗಿ ಬೈದಳು. ಅವನೂ ಜೊತೆಗೂಡಿ ಬೈದಿದ್ದ.

ಮೂರೂವರೆಗೆ ಎಲ್ಲ ಮುಗಿಯಿತು. ಅಮೃತೇಶ್ ಲಕೋಟೆಗೆ ಮೊಹರು ಹಾಕಿಸಲು ಪ್ರಿನ್ಸಿಪಾಲರ ಕೋಣೆಗೆ ಹೋದ. ಗೌರಮ್ಮ ತೊಟ್ಟಿಯಲ್ಲಿ ಗಾಜುಗಳನ್ನು ತೊಳೆಯುತ್ತಿದ್ದಳು. ಪಡುವಣ ಬಿಸಿಲು ತೊಟ್ಟಿಯವರೆಗೂ ಬಂದಿತ್ತು. ಮಹಾದೇವಸ್ವಾಮಿ ಹೋಗಿ ಅವಳ ಪಕ್ಕ ನಿಂತ. ಬಸ್ಸಿನಲ್ಲಿ, ಮೇಜಿನೆದುರು, ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಪಕ್ಕಕ್ಕಿಟ್ಟ.

"ಆ ಹಾಳೆ ಹರಿದವನು ನಾನು," ಎಂದ.

"ಗೊತ್ತು ಸಾ. ಗೇಟಲ್ ಬತ್ತಿರುವಾಗ್ಲೇ ಗುರ್ತು ಸಿಕ್ತು." ಅವಳು ನಲ್ಲಿ ನಿಲ್ಲಿಸಲಿಲ್ಲ.

"ನನ್ನಿಂದ ನೀನು... ನೀವು ಕಾಲೇಜು ಬಿಡೋ ಹಾಗಾಯ್ತು."

ಆಗ ಅವಳು ನಲ್ಲಿ ತಿರುಗಿಸಿ, ನಿಜವಾಗಿಯೂ ಏನೂ ಅರ್ಥವಾಗದವಳ ಹಾಗೆ ಅವನನ್ನು ನೋಡಿದಳು. "ನಿಮ್ಮಿಂದ್ಲಾ? ಇಲ್ಲ ಕಣ್ ಸಾ. ಅಷ್ಟೊತ್ಗೆ ಕವಲಂದೆಗೆ ಮದ್ವೆ ಗೊತ್ತಾಗೋಗಿತ್ತು. ಕಾಲೇಜ್ ಸಾಕು ಅಂದಿದ್ರು ಅಪ್ಪ. ಆ ಈರುಳ್ಳಿ ಪ್ರಾಕ್ಟಿಕಲ್ ಒಂದ್ ನೋಡ್ಕೊಂಡ್ ಬುಡ್ತೀನಿ ಅಂತ ಕೇಳ್ಕೊಂಡು ಒಂದ್ ವಾರ ಜಾಸ್ತಿ ಬಂದಿದ್ದೆ."

ಮುಂದಿನದನ್ನು ಅವಳು ಗಾಜು ಒರೆಸುತ್ತಲೇ ಹೇಳಿದಳು. ಗಂಡ ಒಳ್ಳೆಯವನು, ಆರೇಳು ವರ್ಷದ ಹಿಂದೆ ತೀರಿಕೊಂಡ. ಮಗಳು ನಂದಿತಾ ನರ್ಸಿಂಗ್ ಮುಗಿಸಿ ಮೈಸೂರಿನಲ್ಲಿದ್ದಾಳೆ. ಅಟೆಂಡರ್ ಕೆಲಸಕ್ಕೆ ಕರೆದಾಗ ಯಾವ ಕಾಲೇಜೆಂದು ತಿಳಿದು ಒಪ್ಪಿಕೊಂಡಳಂತೆ. ಬೇರೆ ಕಡೆಯೂ ಸಿಗುತ್ತಿತ್ತು. ಯಾವ ಹೊತ್ತಿನಲ್ಲಿ ಬೇರು ಕುಯ್ದರೆ ಏನು ಕಾಣುತ್ತದೆ ಎಂದು ಯಾರೂ ಇಲ್ಲದಾಗ ತಾನೇ ಕುಯ್ದು, ತಾನೇ ಅಮುಕಿ ನೋಡಿ ಕಂಡುಕೊಂಡಿದ್ದಳು. ಮಹಾದೇವಸ್ವಾಮಿ ಕೇಳುತ್ತ ಕೇಳುತ್ತ, ತಾನು ಇಷ್ಟು ವರ್ಷ ಹೊತ್ತುಕೊಂಡಿದ್ದ ಪಾಪಕ್ಕೆ ಇವಳ ಬಾಳಿನಲ್ಲಿ ಜಾಗವೇ ಇರಲಿಲ್ಲ ಎಂದು ತಿಳಿದು, ಹಗುರಾಗಬೇಕಾದವನು, ಯಾರೋ ತನ್ನದೊಂದು ವಸ್ತುವನ್ನು ಕಸಿದುಕೊಂಡ ಹಾಗೆ ಪೆಚ್ಚಾದ. ಹೆಣ್ಣೊಬ್ಬಳ ಓದು ಕೆಡಿಸಿದವನು ಎಂಬುದರಲ್ಲೂ ಒಂದು ದೊಡ್ಡಸ್ತಿಕೆ ಇತ್ತು.

"ಆಳೆ ಅರಿದಿದ್ದು ತೆಪ್ಪು ಸಾ," ಎಂದಳು ಗೌರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದೊಂದ್ ತಕ್ಕೊಂಡೋಗವ ಅಂತಿದ್ದೆ. ನನ್ ತಾವ ಇಟ್ಕಳಾಕೆ."

"ತಪ್ಪು," ಎಂದ ಅವನು.

ಒಂದು ಗಾಜನ್ನು ಬೆಳಕಿಗೆ ಹಿಡಿದು ನೋಡಿ ಪೆಟ್ಟಿಗೆಯಲ್ಲಿಟ್ಟು, "ಸರ್ಯಾಗಿತ್ತಾ ಸಾ ಅದು?" ಎಂದು ಕೇಳಿದಳು.

"ಸರಿಯಾಗಿತ್ತು."

"ಎಲ್ಲಾನೂವೆ?"

"ಎಲ್ಲಾನೂ. ನನಗೇ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳ್ಕೊಂಡೆ."

"ಆಮೇಲೆ ಅಂದ್ರೆ ಯಾವಾಗ?"

ಸುಳ್ಳು ಹೇಳಬಹುದಿತ್ತು. "ಅದೇ ವಾರ," ಎಂದ.

ಗೌರಮ್ಮನ ಕೈ ಬಟ್ಟೆಯ ಮೇಲೆ ನಿಂತಿತು. ಲೆಕ್ಕ ಹಾಕುತ್ತಿದ್ದಾಳೆ ಎನ್ನಿಸಿತು: ಮದುವೆಗೆ ಇನ್ನೂ ಎಷ್ಟು ದಿನವಿತ್ತು, ಬಿಳಿಗೆರೆಯ ಮನೆಯಲ್ಲಿ ತಾನು ಆ ದಿನಗಳನ್ನು ಹೇಗೆ ಕಳೆದಿದ್ದೆ ಎಂದು.

"ಬಂದ್ ಯೋಳಾಕೆ ಬಿಳಿಗೆರೆ ಏನ್ ದೂರ ಸಾ," ಎಂದಳು. ಅಷ್ಟೇ. ಪೆಟ್ಟಿಗೆ ಮುಚ್ಚಿ ಬೀರುವಿನಲ್ಲಿಟ್ಟು, ನಾಡಿದ್ದು ಒಂಬತ್ತಕ್ಕೇ ಬನ್ನಿ, ನಾಳೆ ಎಂಟಕ್ಕೆ ಕುಯ್ದಿಟ್ಟಿರ್ತೀನಿ ಎಂದು ಹೇಳಿ, ಕೀಲಿ ಹಿಡಿದುಕೊಂಡು ಅವನು ಹೊರಡುವುದನ್ನು ಕಾಯುತ್ತ ಬಾಗಿಲಲ್ಲಿ ನಿಂತಳು.

ಬಸ್‌ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹೊರಡಲು ಸಿದ್ಧವಾಗಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅದರ ಪಕ್ಕದ್ದು ಬಿಳಿಗೆರೆಯ ಕಡೆ ಹೋಗುವುದು. ಮಹಾದೇವಸ್ವಾಮಿ ಅದನ್ನು ಹತ್ತಿದ. ಯಾಕೆ ಹತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಕೈಗಡಿಯಾರ ನೋಡಿಕೊಂಡ. ಈಗ ಹೊರಗೆ ನೋಡುತ್ತ ಕೂತ: ನಾಲೆಯ ನೀರು, ಹಸಿರು ಬತ್ತ, ಬಾಳೆತೋಟ, ಡೈರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತ ಹೆಂಗಸರು, ಸಂಜೆಯ ಧೂಳಿನಲ್ಲಿ ಹಳದಿಯಾದ ಬಿಸಿಲು. ಆ ಇಪ್ಪತ್ತಾರರ ವಯಸ್ಸಿನಲ್ಲಿ ಈ ದಾರಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಗಿರಣಿಯ ಮೇಲಿನ ಕೋಣೆ, ನದಿ, ಸೇತುವೆ, ರಸಬಾಳೆ, ಅಷ್ಟೇ ಅವನ ನಂಜನಗೂಡು. ಒಂದು ಹುಡುಗಿ ದಿನಾ ಬೆಳಿಗ್ಗೆ ಈ ಕಿಟಕಿಯಿಂದ ಇದನ್ನೆಲ್ಲ ನೋಡಿಕೊಂಡು, ಹತ್ತು ನಿಮಿಷ ತಡವಾಗಿ, ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಬಿಳಿಗೆರೆ ಬಂತು, ಇಳಿದ. ಯಾರ ಪರಿಚಯವೂ ಇರಲಿಲ್ಲ. ಟೀ ಅಂಗಡಿಯ ಮುದುಕ, ಯಾರ ಮನೆಗೆ ಬಂದ್ರಿ ಎಂದು ಕೇಳಿದ. ಯಾರ ಮನೆಗೂ ಅಲ್ಲ ಎಂದು, ಬೆಂಚಿನ ಮೇಲೆ ಕೂತು ಗಡಿಯಾರ ನೋಡಿದ. ನಂಜನಗೂಡಿನಿಂದ ಬರಲು ಮೂವತ್ತೆಂಟು ನಿಮಿಷ ಹಿಡಿದಿತ್ತು.